ವರ್ಜಿಲ್‌ನ ಟೋಪಿ

ಅಪ್ಪಾ, ಗೆದ್ದುಬಿಟ್ಟೆ! ಮನೆಯಲ್ಲಿಡುವ ಬಂದೂಕಿಗೆ ಬೀಗ ಕಡ್ಡಾಯ ಮಾಡುವ ನನ್ನ ಮಸೂದೆ ಇವತ್ತು ನಮ್ಮ ರಾಜಧಾನಿ ಹೆಲೆನಾದ ವಿಧಾನಸಭೆಯಲ್ಲಿ ಒಂದೇ ಓಟಿನಿಂದ ಪಾಸಾಯಿತು.

ನಿನ್ನ ಬೇಟೆಯ ಗೆಳೆಯ, ಬಂದೂಕು ಸಂಘದ ವರ್ಜಿಲ್, ಎಂದಿನಂತೆ ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂತಿದ್ದ. ಅವನು ಟೋಪಿ ತೆಗೆದರೆ 'ಬೇಡ' ಎಂದರ್ಥ. ನೀನು ಶಾಸಕನಾಗಿದ್ದಾಗ, ಈಗ ನನ್ನದಾದ ಇದೇ ಕುರ್ಚಿಯಲ್ಲಿ ಕೂತು, ನೀನೂ ಅದನ್ನು ನೋಡಿಯೇ ಓಟಿನ ಗುಂಡಿ ಒತ್ತುತ್ತಿದ್ದೆ. ಇವತ್ತೂ ತೆಗೆದನಂತೆ. ನಾನು ಕತ್ತೆತ್ತಿದರೆ ತಾನೇ!

ಹೊರಗೆ ಅಡ್ಡಗಟ್ಟಿದ. "ನಿಮ್ಮಪ್ಪ ಇದ್ದಿದ್ರೆ ಕಿವಿ ಹಿಂಡ್ತಿದ್ದ ಕಣೇ. ಮುಂದಿನ ಎಲೆಕ್ಷನ್‌ನಲ್ಲಿ ನಿನ್ನನ್ನ ಸೋಲಿಸಿ ಮನೆಗೆ ಕಳಿಸ್ತೀವಿ, ನೋಡ್ತಿರು."

"ಕಳ್ಸಿ ಮಾಮ. ಅಪ್ಪನ ಬಂದೂಕಿನ ಕಪಾಟಿಗೂ ಒಂದು ಬೀಗ ಇದ್ದಿದ್ರೆ, ಮನೇಲಿ ವೇಡ್ ಇರ್ತಿದ್ದ."

ತೀರಿಹೋದ ತಮ್ಮನ ಹೆಸರು ಕೇಳಿದ್ದೇ ವರ್ಜಿಲ್ ಮತ್ತೆ ಟೋಪಿ ತೆಗೆದು, ಸತ್ತವರಿಗೆ ಗೌರವ ಕೊಡುವಂತೆ ಎದೆಗೊತ್ತಿಕೊಂಡ. ಆಗ ಒತ್ತುವುದಕ್ಕೆ ಯಾವ ಗುಂಡಿಯೂ ಇರಲಿಲ್ಲ, ಅಪ್ಪಾ. ನೀನು ನೋಡಬೇಕಿತ್ತು.