ಮೆಟ್ಟಿಲ ಕೆಳಗೆ ನಿಂತ ಸಿಡಿಗುಂಡು

ತಾರೀಕು ೧೪, ಭಾನುವಾರ

ನನ್ನ ಪುಟ್ಟಿಗೆ, ಇಲ್ಲಿಂದಲೇ ತಲೆ ಸವರಿ ಅಮ್ಮ ಬರೆಯುವುದು.

ನಿನ್ನ ಕಾಗದ ಬಂದು ಎಷ್ಟು ದಿನವಾಯಿತೆಂದು ಕೇಳಬೇಡ. ಉತ್ತರ ಬರೆಯಲು ಕೂತಾಗಲೆಲ್ಲ ವಾರಪತ್ರಿಕೆಯ ಸಂಪಾದಕರ ಫೋನು ಬರುತ್ತಿತ್ತು. ಅವರ ಬೈಗುಳ ಮುಗಿಯುವಷ್ಟರಲ್ಲಿ ನನ್ನ ಉತ್ಸಾಹವೂ ಮುಗಿಯುತ್ತಿತ್ತು. ಬೈಗುಳಕ್ಕೆ ಕಾರಣ ನೀನೇ. "ಅಮ್ಮ, ನಿನ್ನ ಧಾರಾವಾಹಿಯ ಸಿಡಿಗುಂಡು ಆರು ಜನರನ್ನ ಒಟ್ಟಿಗೆ ಉರುಳಿಸ್ತಾನೆ, ಸರಿ. ತನಗಿಂತ ದೊಡ್ಡವರಿಗೆ ಒಂದು ಸಲವಾದ್ರೂ ಇದು ತಪ್ಪು ಅಂದಿದ್ದಾನಾ?" ಎಂದು ಬರೆದಿದ್ದೆಯಲ್ಲ, ಅದು ಚುರುಕ್ಕೆಂದಿತು. ಹೆತ್ತ ಮಗಳೇ ವಿಮರ್ಶಕಿಯಾದರೆ ಯಾರ ಹತ್ತಿರ ದೂರುವುದು?

ರೋಷಕ್ಕೆ ಬಿದ್ದು ನನ್ನ ನಾಯಕನಿಗೆ ಅದೇ ಕೆಲಸ ಕೊಟ್ಟೆ. ಅವನನ್ನು ಸಾಕಿ ಬೆಳೆಸಿದ ಯಜಮಾನರೇ ಕಳ್ಳಸಾಗಣೆಗಾರರ ಮುಖ್ಯಸ್ಥ ಎಂದು ಅವನಿಗೆ ಗೊತ್ತಾಗುತ್ತದೆ. ಇನ್ನು ಅವನು ಮೆಟ್ಟಿಲು ಹತ್ತಿ, ಅವರ ಕೋಣೆಗೆ ಹೋಗಿ, ಮುಖ ನೋಡಿ ಒಂದೇ ಒಂದು ಮಾತು ಹೇಳಬೇಕು: "ಯಜಮಾನರೇ, ನೀವು ಹೇಳಿದ್ದು ಸುಳ್ಳು."

ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತೇ ಇದೆ. ನಿಮ್ಮಪ್ಪ ಮಾಡಿ ತೋರಿಸದ ಸಾಹಸವನ್ನು ನಾನು ಬರೆಯುವುದಿಲ್ಲ. ಸಿಡಿಗುಂಡು ಕಿಟಕಿಯ ಸರಳಿಗೆ ನೇತಾಡುವ ಮೊದಲು ಇವರು ನೇತಾಡಿದ್ದಾರೆ. ಅವನು ಬೀರುವಿನ ಮೇಲಿಂದ ಹಾರುವ ಮೊದಲು ಇವರು ಹಾರಿ, ಕೆಳಗಿನ ಮನೆಯಾಕೆ ಪೊರಕೆ ಹಿಡಿದು ಮೇಲೆ ಬಂದಿದ್ದಾಳೆ. ಗಂಡ ಅಗ್ನಿಶಾಮಕ ಠಾಣೆಯ ಡ್ರೈವರ್ ಆದರೆ ಸಾಹಸಕಥೆ ಬರೆಯುವವಳಿಗೆ ಇಷ್ಟಾದರೂ ಅನುಕೂಲ ಬೇಡವೇ? ಈ ಸಲವೂ ಇವರನ್ನು ಕ್ವಾರ್ಟರ್ಸಿನ ಮೆಟ್ಟಿಲ ಕೆಳಗೆ ನಿಲ್ಲಿಸಿ, ನಾನು ಮೇಲೆ ಕುರ್ಚಿ ಹಾಕಿಕೊಂಡು ಯಜಮಾನನಾಗಿ ಕೂತೆ.

ಇವರು ಹತ್ತಿ ಬಂದರು, ಕೆಮ್ಮಿದರು, "ಯಜಮಾನರೇ, ಊಟ ಆಯ್ತಾ?" ಎಂದರು.

"ರೀ, ಅವನು ಕಳ್ಳ."

"ಕಳ್ಳನಾದ್ರೇನು, ಅನ್ನ ಹಾಕಿದವನಲ್ವೇನೇ? ಮುಖಕ್ಕೆ ಹೊಡೆದ ಹಾಗೆ ಹೇಗೆ ಹೇಳೋದು?"

ಮರುದಿನ ಮತ್ತೆ ಹತ್ತಿಸಿದೆ. ಆಗ ಮಂಡಿನೋವು ಬಂತು. ಉರಿಯುವ ಕಟ್ಟಡಕ್ಕೆ ನುಗ್ಗಿ ಹೆಗಲ ಮೇಲೆ ಮನುಷ್ಯರನ್ನು ಹೊತ್ತು ತರುವವರು, ಕ್ಷೌರಿಕ ಒಂದು ಕಡೆಯ ಮೀಸೆ ಹಾಳು ಮಾಡಿದರೆ "ಪರವಾಗಿಲ್ಲ ಬಿಡಪ್ಪ" ಎಂದು ಇನ್ನೊಂದು ಕಡೆಯನ್ನೂ ಒಪ್ಪಿಸಿ ಬರುತ್ತಾರೆ. ಹೀಗಾಗಿ ವಾರ ವಾರವೂ ಸಿಡಿಗುಂಡು ಮೆಟ್ಟಿಲ ಕೆಳಗೇ ನಿಂತ. ಒಂದು ವಾರ ಅಂಗಿಯ ಧೂಳು ಕೊಡವಿದ. ಮುಂದಿನ ವಾರ ಮೆಟ್ಟಿಲ ಪಕ್ಕದ ಕಟಾಂಜನದ ಕೆತ್ತನೆ ನೋಡಿದ. ಹಾಲಿನವನು ಕೂಡ, "ಅಮ್ಮಾ, ನಿಂತೂ ನಿಂತೂ ಅವನ ಕಾಲು ಜೋಮು ಹಿಡೀಲಿಲ್ವಾ?" ಎಂದು ಕೇಳಿದ. ಸಂಪಾದಕರಂತೂ, "ಮೇಡಂ, ಅವನನ್ನ ಹತ್ತಿಸಿ, ಇಲ್ಲಾಂದ್ರೆ ಕಥೆ ನಿಲ್ಸಿ. ಆ ಪುಟಕ್ಕೆ ಪದಬಂಧ ಹಾಕ್ತೀನಿ" ಎಂದುಬಿಟ್ಟರು.

ಅಷ್ಟರಲ್ಲಿ ದಾರದ ಕಾರ್ಖಾನೆಗೆ ಬೆಂಕಿ ಬಿತ್ತು. ಕೆಲಸದ ಹೆಂಗಸರು ಬೇಗ ಹೊರಡಬಾರದೆಂದು ಮಾಲೀಕ ಹೊರಗಿನಿಂದ ಬೀಗ ಹಾಕಿಸಿದ್ದ. ಅದನ್ನು ಒಡೆದವರು ನಿಮ್ಮಪ್ಪನೇ. ಎಲ್ಲರ ಜೀವ ಉಳಿಯಿತು, ಕೆಲವರ ಕೈ ಸುಟ್ಟಿತು. ಆದರೆ ವಿಚಾರಣೆ ಶುರುವಾದಾಗ ಇವರ ಠಾಣೆಯ ಸಾಹೇಬರು, ಬಾಗಿಲು ತೆರೆದೇ ಇತ್ತು ಎಂದು ಹೇಳಿಕೆ ಕೊಟ್ಟರು. ಮಾಲೀಕ ಅವರ ಭಾವಮೈದುನ. ಸಾಹೇಬರನ್ನು ಬೈಯಲು ನನಗೂ ಬಾಯಿ ಬರುವುದಿಲ್ಲ, ಪುಟ್ಟಿ. ನಿಮ್ಮಪ್ಪನಿಗೆ ಕೆಲಸ ಕೊಡಿಸಿದವರು ಅವರು. ನೀನು ಹುಟ್ಟುವಾಗ ತಮ್ಮ ಕಾರು ಕಳಿಸಿದವರು ಅವರು. "ನೀನೂ ಹಾಗೇ ಹೇಳ್ಬಿಡಯ್ಯ" ಎಂದು ಇವರ ಬೆನ್ನು ತಟ್ಟಿದರಂತೆ.

ಇವರಿಗೆ ಊಟ ಸೇರಲಿಲ್ಲ. ನಾನು ಬಾಯಿ ಬಿಡಲಿಲ್ಲ, ನನಗದು ಎಷ್ಟು ಕಷ್ಟವೆಂದು ನಿನಗೆ ಗೊತ್ತು. ವಿಚಾರಣೆಯ ದಿನ ಇವರು ನನ್ನನ್ನೂ ಜೊತೆಗೆ ಕರೆದರು. ಕಚೇರಿ ಮಹಡಿಯ ಮೇಲಿತ್ತು. ಬೆಂಕಿಗೆ ಎರಡೆರಡು ಮೆಟ್ಟಿಲು ಹಾರಿ ಹತ್ತುವವರು ಅಲ್ಲಿ ಒಂದೊಂದು ಮೆಟ್ಟಿಲಿಗೂ ಕಟಾಂಜನ ಹಿಡಿದು ನಿಂತರು. ಒಳಗೆ ಸಾಹೇಬರು ಎದುರಿಗೇ ಕೂತಿದ್ದರು. ಬಾಗಿಲು ಹೇಗಿತ್ತೆಂದು ಅಧಿಕಾರಿ ಕೇಳಿದರೆ, ಇವರು ಸಾಹೇಬರ ಕಡೆ ತಿರುಗಿ ಕೈಮುಗಿದು, "ಊಟ ಆಯ್ತಾ ಸರ್?" ಎಂದರು.

ಇನ್ನು ಮಂಡಿನೋವು ಬರುವುದೊಂದೇ ಬಾಕಿ ಎಂದುಕೊಂಡೆ.

ಆಮೇಲೆ ಇವರೇ, "ಸರ್, ನಿಮ್ಮ ಉಪ್ಪು ತಿಂದಿದ್ದೀನಿ. ಆದ್ರೆ ಬೀಗ ಹಾಕಿತ್ತು. ಒಡೆದವನು ನಾನು. ನೀವೂ ಅಲ್ಲೇ ನಿಂತಿದ್ರಿ" ಎಂದರು. ದನಿ ಸಣ್ಣದಾಗಿತ್ತು, ಆದರೆ ಎಲ್ಲರಿಗೂ ಕೇಳಿಸಿತು. ಕಂಡದ್ದು ಹೇಳಿದರೆ ಕೆಂಡದಂಥ ಕೋಪ ಎನ್ನುತ್ತಾರಲ್ಲ, ಸಾಹೇಬರ ಮುಖ ಹಾಗೇ ಆಯಿತು.

ಇಳಿಯುವಾಗ ಇವರು ಮೆಟ್ಟಿಲ ನಡುವೆಯೇ ಕುಸಿದು ಕೂತರು. "ಬರ್ಕೋ. ಅವನು ಹತ್ತಬಹುದು. ಆದ್ರೆ ಇಳಿಯುವಾಗ ಕಾಲಲ್ಲಿ ಶಕ್ತಿ ಇರಲ್ಲ, ಅದನ್ನೂ ಬರಿ" ಎಂದರು. ಬರೆದೆ. ಶಕ್ತಿ ಇಲ್ಲದ ಭಾಗ ನಾಯಕನಿಗೆ ಶೋಭೆಯಲ್ಲ, ತೆಗೆಯಿರಿ ಎಂದು ಸಂಪಾದಕರು ಹಟ ಹಿಡಿದರು. ಬೇಕಿದ್ದರೆ ಪದಬಂಧ ಹಾಕಿಕೊಳ್ಳಿ ಎಂದೆ. ಕೊನೆಗೆ ಹಾಗೇ ಅಚ್ಚಾಗಿದೆ, ಕಳಿಸುತ್ತಿದ್ದೇನೆ. ಇಷ್ಟು ವರ್ಷ ಸಿಡಿಗುಂಡನ್ನು ಬರೆದರೂ ನನಗೆ ಇಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಆಡಬೇಕಾದ ಮಾತು ಯಾರ ಎದುರಿಗೂ ನಿನ್ನ ಗಂಟಲಲ್ಲಿ ಸಿಕ್ಕಿಕೊಳ್ಳದಿರಲಿ, ಆಡಿದ ಮೇಲೂ ನಿನಗೆ ಒಳ್ಳೆಯದೇ ಆಗಲಿ.

ಇಂತಿ ನಿನ್ನ
ಅಮ್ಮ

ತಾ.ಕ.: ಇದನ್ನು ನಿನಗೆ ತಿಳಿಸಬೇಡ ಎಂದಿದ್ದಾರೆ ನಿಮ್ಮಪ್ಪ. ಇವರನ್ನು ಬೆಂಕಿ ಆರಿಸುವ ಬಂಡಿಯಿಂದ ಇಳಿಸಿ ಠಾಣೆಯ ಉಗ್ರಾಣಕ್ಕೆ ಹಾಕಿದ್ದಾರೆ. ಒದ್ದೆ ಪೈಪುಗಳನ್ನು ಒಣಗಿಸಿ ಸುತ್ತಿಡುವ ಕೆಲಸ, ನಿವೃತ್ತಿಯವರೆಗೂ ಅದೇ. ಠಾಣೆಯ ಗಂಟೆ ನಮ್ಮ ಮನೆಗೆ ಕೇಳಿಸುತ್ತದಲ್ಲ, ಇವರು ಈಗಲೂ ತಟ್ಟೆ ಬಿಟ್ಟೆದ್ದು ಬೂಟು ಹಾಕಿಕೊಂಡು ಬಾಗಿಲವರೆಗೆ ಓಡುತ್ತಾರೆ. ಬಂಡಿ ಹೊರಟುಹೋದ ಸದ್ದು ಕೇಳಿದ ಮೇಲೆ ಹೊಸ್ತಿಲ ಮೇಲೆ ಕೂತು ಲೇಸು ಬಿಚ್ಚುತ್ತಾರೆ. ನಾನು ಒಲೆಯ ಕಡೆ ತಿರುಗಿಕೊಳ್ಳುತ್ತೇನೆ.