ವಾಲ್ವ್ ಮುಚ್ಚಿದವಳ ಪರವಾಗಿ

ನೀರು ಸರಬರಾಜು ಕಚೇರಿಯ ಮುಖ್ಯಾಧಿಕಾರಿಗಳೇ,

ಕೊಳವೆ ಒಡೆದಾಗ ತನ್ನ ಸರದಿಗೆ ಕಾಯದೆ ವಾಲ್ವ್ ಮುಚ್ಚಿದ ತಪ್ಪಿಗೆ, ನಿಮ್ಮಲ್ಲಿ ಫಿಟ್ಟರ್ ಆಗಿರುವ ನನ್ನ ತಂಗಿಯ ಮಗಳಿಗೆ ನೋಟಿಸು ಕೊಟ್ಟಿದ್ದೀರಿ. ಕೆಲಸದಿಂದ ಏಕೆ ತೆಗೆಯಬಾರದು ಎಂದು ಕೇಳಿದ್ದೀರಿ. ಕೇಳಿದ್ದು ಅವಳನ್ನಾದರೂ ನೀರು ನುಗ್ಗಿದ್ದು ನನ್ನ ಮನೆಗಾದ್ದರಿಂದ ಉತ್ತರ ನಾನು ಬರೆಯುತ್ತಿದ್ದೇನೆ.

ಅಧಿಕಾರಿಗಳ ತರಬೇತಿಗೆ ಹೋಗುವ ಮುನ್ನ ನೀವು ಎಲ್ಲದಕ್ಕೂ ಗದರುತ್ತಿದ್ದಿರಂತೆ. ಬಂದ ಮೇಲೆ ಎಲ್ಲದಕ್ಕೂ ಸಿಬ್ಬಂದಿಯನ್ನು ದುಂಡಗೆ ನಿಲ್ಲಿಸಿ ಬಟ್ಟೆಯ ಚೆಂಡೊಂದನ್ನು ಕೈಯಿಂದ ಕೈಗೆ ದಾಟಿಸುತ್ತೀರಿ. ಚೆಂಡು ಹಿಡಿದವರು ಮಾತ್ರ ಮಾತಾಡಬೇಕು, ಎಲ್ಲರೂ ಒಪ್ಪಿದ ಮೇಲೆಯೇ ಕೆಲಸ. ಒಳ್ಳೆಯ ಪದ್ಧತಿ, ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಭಾನುವಾರದ ಪಾಳಿ ಹಂಚುವಾಗ, ಎಂದೂ ಬಾಯಿ ಬಿಡದ ಮೀಟರ್ ಓದುವವರು ಮೊದಲ ಸಲ ತಾಯಿಯ ಕಾಯಿಲೆಯ ಸಂಗತಿ ಹೇಳಿಕೊಂಡರಂತೆ. ಅಂಥ ಮಾತಿಗೆ ಚೆಂಡೇ ಬೇಕು.

ಆದರೆ ನಮ್ಮ ಬೀದಿಯ ತಿರುವಿನಲ್ಲಿ ದೊಡ್ಡ ಕೊಳವೆ ಒಡೆದಾಗಲೂ ಚೆಂಡೇ? ಬೆಂಕಿ ಬಿದ್ದಾಗ ಬಾವಿ ತೋಡಿದವರ ಗಾದೆ ಕೇಳಿದ್ದೆ. ನೀರು ನುಗ್ಗಿದಾಗ ಸಭೆ ಕೂಡಿಸಿದವರನ್ನು ಮಂಚದ ಮೇಲೆ ನಿಂತು ಕಿಟಕಿಯಿಂದ ಕಣ್ಣಾರೆ ಕಂಡೆ. ಚೆಂಡು ಹಿಡಿದ ನಿಮ್ಮ ಚಾಲಕರು ತಮಗೆ ವಿಶೇಷ ಅಭಿಪ್ರಾಯವೇನೂ ಇಲ್ಲವೆಂಬುದನ್ನು ವಿವರವಾಗಿ ತಿಳಿಸುತ್ತಿದ್ದರು. ಪಕ್ಕದ ದರ್ಜಿಯ ಅಂಗಡಿಯಿಂದ ಯಾರದೋ ಮದುವೆಯ ಕೋಟು ಬೀದಿಗೆ ತೇಲಿ ಬಂದಿತ್ತು. ಆಗ ಇವಳು ಗುಂಪು ಬಿಟ್ಟು ಹೋಗಿ ವಾಲ್ವ್ ಮುಚ್ಚಿದಳು. ನೀವು ಕೇಳಿದ್ದು ನನಗೂ ಕೇಳಿಸಿತು: “ಚೆಂಡು ನಿನ್ನ ಕೈಗೆ ಬಂದಿತ್ತೇನಮ್ಮ?”

ಮಾನ್ಯರೇ, ಮಗು ನಡೆಯಲು ಕಲಿಯುವಾಗ ಕೈ ಹಿಡಿಯುತ್ತೇವೆ, ಕಲಿತ ಮೇಲೆ ಬಿಡುತ್ತೇವೆ. ಅದೇ ಮಗು ಬಸ್ಸಿಗೆ ಅಡ್ಡ ಓಡಿದರೆ ಅಭಿಪ್ರಾಯ ಕೇಳದೆ ರಟ್ಟೆ ಹಿಡಿದು ಎಳೆಯುತ್ತೇವೆ. ಇಷ್ಟನ್ನೂ ಮಾಡುವವಳು ಅದೇ ಒಬ್ಬ ತಾಯಿ. ಅವಳಿಗೆ ತರಬೇತಿ ಎಲ್ಲಿ ಕೊಟ್ಟರೋ, ವಿಚಾರಿಸಿ ತಿಳಿಸಿದರೆ ಉಪಕಾರವಾಗುತ್ತದೆ.

ನಿನ್ನೆ ನನ್ನ ಒದ್ದೆ ಹೊದಿಕೆ ಹಿಂಡುತ್ತ ಹುಡುಗಿ ಕೇಳಿದಳು: “ಮಾವ, ಇನ್ಮೇಲೆ ಏನೇ ಆದ್ರೂ ಚೆಂಡು ಬರೋ ತನಕ ಕೈಕಟ್ಕೊಂಡು ನಿಂತಿರ್ತೀನಿ ಅಂತ ಬರೆದುಕೊಟ್ಬಿಡ್ಲಾ? ಕೆಲಸನಾದ್ರೂ ಉಳಿಯುತ್ತೆ.”

ಅವಳು ಹಾಗೆ ಬರೆದುಕೊಡುವ ಮೊದಲು ನೋಟಿಸನ್ನು ಹಿಂಪಡೆಯಿರಿ. ಅವಳು ಕೊಟ್ಟ ಮಾತಿಗೆ ತಪ್ಪುವವಳಲ್ಲ. ನಿಮ್ಮ ಮನೆಯೂ ತಗ್ಗಿನಲ್ಲೇ ಇದೆ ಎಂದು ಕೇಳಿದ್ದೇನೆ.

ಇಂತಿ,
ಇನ್ನೂ ನೆಲ ಆರದ ಮನೆಯಿಂದ,
ಅವಳ ಸೋದರಮಾವ