ಮೊದಲ ಪುಟದ ಒಂದು ಸಾಲು

ಮನೆ, ಮಹಡಿಯ ಕೋಣೆ
ಜೂನ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ರಜೆ ಹಾಕಿ, ಬಸ್ಸಿನ ಕ್ಲಚ್ ತುಳಿಯದೆ ಇಷ್ಟು ದಿನವಾಯಿತು, ಕಡಿಮೆಯಾಗಿರಬೇಕು. ಮಾವನ ಮನೆಯಲ್ಲಿ ಮೆಟ್ಟಿಲು ಜಾಸ್ತಿ, ಸುಮ್ಮಸುಮ್ಮನೆ ಹತ್ತಿ ಇಳಿಯಬೇಡ. ಅಪ್ಪ ಚೆನ್ನಾಗಿದ್ದಾರೆ, ಸಾರಿಗೆ ಉಪ್ಪು ಹಾಕುವುದನ್ನು ಮರೆತು, ಉಪ್ಪು ಕಡಿಮೆಯಾದರೆ ಆಯುಸ್ಸು ಹೆಚ್ಚು ಎಂದು ನನಗೇ ಪಾಠ ಹೇಳುತ್ತಾರೆ.

ಇನ್ನು ನೀನು ಬೈಯುವ ವಿಷಯ. ನೀನು ಬಸ್ಸನ್ನು ಹಿಂದಕ್ಕೆ ತೆಗೆಯುವಾಗ ಗೇಟಿನ ಕಂಬಕ್ಕೆ ತಾಗಿಸಿದೆಯಲ್ಲ, ಯಾರೋ ಮೊಬೈಲಿನಲ್ಲಿ ಹಿಡಿದು ಹಾಕಿದ ಆ ವಿಡಿಯೋದ ಕೆಳಗೆ ಜನ ಬರೆದ ಕಾಮೆಂಟುಗಳೇ ನನ್ನ ಪಿಎಚ್‌ಡಿಯ ವಸ್ತು. "ಅವನ್ನೆಲ್ಲ ಓದ್ಬೇಡ ಮಗಳೇ, ಊಟ ಸೇರಲ್ಲ" ಅಂತ ನೀನು ಅಂದಿದ್ದೆ. ಓದಿದೆ. ಒಂದನ್ನೂ ಬಿಡದೆ ಓದಿದೆ. ಪ್ರಿಂಟ್ ತೆಗೆಸಿ, ಚೀಟಿಗಳಾಗಿ ಕತ್ತರಿಸಿ, ನಿನ್ನ ಮಂಚದ ಮೇಲೆ ಗುಂಪು ಗುಂಪಾಗಿ ಹರಡಿದ್ದೇನೆ. ಫ್ಯಾನ್ ಹಾಕುವ ಹಾಗಿಲ್ಲ, ಬೆವರುತ್ತಾ ಕೂರುತ್ತೇನೆ. ಮೊದಲು ನಕ್ಕವನು ಯಾರು, ಅವನ ನಗು ನೋಡಿ ಧೈರ್ಯ ಬಂದವರು ಯಾರು, ಯಾರು ಯಾರಿಗೆ ಉತ್ತರ ಕೊಟ್ಟರು ಎಂದು ಒಂದೊಂದೇ ಚೀಟಿ ನೋಡಿ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತೇನೆ. ಕಂಬದ ಬಗ್ಗೆ ಬರೆದವರು ಬೆರಳೆಣಿಕೆಯಷ್ಟು. ಉಳಿದವರಿಗೆ ಹೆಂಗಸಾಗಿ ನೀನು ಡ್ರೈವರ್ ಸೀಟಿನಲ್ಲಿ ಕೂತದ್ದೇ ತಪ್ಪು. ಬಿದ್ದವರಿಗೆ ಆಳಿಗೊಂದು ಕಲ್ಲು ಅನ್ನುವುದು ಇದಕ್ಕೇ.

ಗೈಡ್ ಮೇಡಂ "ಕಂಪ್ಯೂಟರಿಗೆ ಕೊಡಮ್ಮ, ಅರ್ಧ ಗಂಟೇಲಿ ವಿಂಗಡಿಸಿ ಕೊಡುತ್ತೆ" ಅಂದರು. ಕೊಟ್ಟೆ. "ಭೇಷ್, ನಾಳೆಯಿಂದ ವಿಮಾನ ಓಡಿಸಮ್ಮ" ಎಂದವನನ್ನು ಅದು ನಿನ್ನ ಅಭಿಮಾನಿಗಳ ಸಾಲಿಗೆ ಸೇರಿಸಿತು. ಅದರ ಸಹವಾಸ ಸಾಕೆಂದು ಮತ್ತೆ ಚೀಟಿ ಹಿಡಿದೆ. ನಾನೇನು ಕಡಿಮೆಯೇ? ಮೊದಲ ಸುತ್ತಿನಲ್ಲಿ ಸಿಟ್ಟಿನ ಭರದಲ್ಲಿ ಸಿಕ್ಕಸಿಕ್ಕವರನ್ನೆಲ್ಲ ದ್ವೇಷದ ಗುಂಪಿಗೆ ತಳ್ಳಿದ್ದೆ. ನಿನ್ನ ಬಸ್ಸಿನಲ್ಲೇ ಡ್ಯೂಟಿಗೆ ಹೋಗುವ ನರ್ಸ್ ಒಬ್ಬರು "ಅಕ್ಕಾ, ಮತ್ತೆ ಯಾವಾಗ ಬರ್ತೀರಿ?" ಎಂದು ಕೇಳಿದ್ದೂ ಅಲ್ಲೇ ಬಿದ್ದಿತ್ತು.

ಆ ತಪ್ಪನ್ನು ಮೇಡಂ ಹಿಡಿದರು. "ಡ್ರೈವರ್ ನಿನ್ನ ತಾಯಿ ಅನ್ನೋದನ್ನ ಎಲ್ಲೂ ಬರೀಬೇಡ. ಇಲ್ಲಾಂದ್ರೆ ವಿಷಯ ಬದಲಾಯಿಸು" ಅಂದರು. ಎರಡೂ ಆಗುವುದಿಲ್ಲ ಎಂದೆ. ಓದುವವಳು ಯಾರು, ಎಲ್ಲಿ ನಿಂತು ಓದಿದಳು ಎಂದು ಮೊದಲೇ ಹೇಳಿಬಿಡುವುದು ಈ ಕೆಲಸದ ನಿಯಮ. ಅದನ್ನು ಕಲಿಸಿದವರೂ ಅವರೇ. ಮೊದಲ ಪುಟದಲ್ಲಿ ಬರೆಯುತ್ತೇನೆ: ಈ ಬಸ್ಸನ್ನು ಓಡಿಸುತ್ತಿದ್ದವರು ನನ್ನ ತಾಯಿ, ಆದ್ದರಿಂದಲೇ ಪ್ರತಿಯೊಂದು ಚೀಟಿಯನ್ನೂ ಎರಡೆರಡು ಸಲ ಓದಿದ್ದೇನೆ. ಮೇಡಂ ಸಹಿ ಹಾಕದಿದ್ದರೆ ಬೇರೆ ಗೈಡ್ ಹುಡುಕುತ್ತೇನೆ. ಈ ಹಟ ನಿನ್ನ ಕಡೆಯಿಂದಲೇ ಬಂದದ್ದು, ನನ್ನನ್ನು ಬೈದು ಪ್ರಯೋಜನವಿಲ್ಲ.

ಮಾವನಿಗೂ ಅತ್ತೆಗೂ ನನ್ನ ನಮಸ್ಕಾರ. ಮಾತ್ರೆ ತಪ್ಪಿಸಬೇಡ.

ನಿನ್ನ ಮೊಂಡು ಮಗಳು

ತಾ.ಕ.: ಅಪ್ಪ ಅಂಚೆಗೆ ಹಾಕಲು ಬಾಗಿಲಲ್ಲಿ ಕಾಯುತ್ತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ಆ ಸಾಲು ಬರೆಯಲು ನಿನ್ನ ಒಪ್ಪಿಗೆ ಬೇಕು. ಫೋನಿನಲ್ಲಿ ಹೂಂ ಅಂದರೆ ಸಾಲದು. ಮನೆಗೆ ಬಾ, ಚೀಟಿಗಳನ್ನು ನೀನೇ ಓದಿ ಹೇಳು. ಬೇಡ ಅಂದರೆ ಈ ಅಧ್ಯಯನವನ್ನೇ ಬಿಡುತ್ತೇನೆ. ನೀನು ಯಾರೋ ಎನ್ನುವ ಹಾಗೆ ಮಾತ್ರ ಬರೆಯುವುದಿಲ್ಲ.